ಹಡಗಿಗೂ ಹೈಬ್ರಿಡ್ ಬರಲಿ

ಮಾನ್ಯರೇ,

ಪಣಂಬೂರು ಬೀಚಿನಲ್ಲಿ ಸಂಜೆ ಕೂತರೆ ದೂರದಲ್ಲಿ ಲಂಗರು ಹಾಕಿದ ಹಡಗುಗಳು ಕಾಣುತ್ತವೆ. ನಿಂತ ಹಡಗಿಗೂ ಕರೆಂಟ್ ಬೇಕು, ಅದಕ್ಕೆ ಜನರೇಟರ್ ಓಡುತ್ತಲೇ ಇರಬೇಕು, ಹೊಗೆ ಬರದೆ ಇರುತ್ತಾ? ನಾರ್ವೆಯ ‘ಹೈಡ್ರಾ’ ಫೆರಿ 2023ರಿಂದ ದ್ರವ ಹೈಡ್ರೋಜನ್ ಬಳಸಿ ಓಡುತ್ತಿದೆ. ಅದರಲ್ಲಿ 200 ಕಿಲೋವಾಟಿನ ಎರಡು ಫ್ಯೂಯೆಲ್ ಸೆಲ್ (ಹೈಡ್ರೋಜನನ್ನು ಸುಡದೆ ಅದರಿಂದ ಕರೆಂಟ್ ಮಾಡುವ ಸಾಧನ), ದೊಡ್ಡ ಬ್ಯಾಟರಿ, ಜೊತೆಗೆ ಡೀಸೆಲ್ ಜನರೇಟರ್‌ಗಳೂ ಇವೆ; ಹೀಗೆ ಹಲವು ಮೂಲ ಸೇರಿದ್ದೇ ಹೈಬ್ರಿಡ್. ಸೆಲ್ ಒಂದೇ ಸಮನೆ ಕರೆಂಟ್ ಕೊಡುತ್ತದೆ, ದಡ ಬಿಡುವಾಗಿನ ಜಾಸ್ತಿ ಹೊರೆ ಬ್ಯಾಟರಿಗೆ. ಆದರೆ ಆ ಹೈಡ್ರೋಜನ್ ಬಂದದ್ದು ಜರ್ಮನಿಯಿಂದ, ಲಾರಿಯಲ್ಲಿ! ನಗು ಬರುತ್ತದೆ ಅಲ್ವಾ? ಕೊಚ್ಚಿಯಲ್ಲೂ ಫ್ಯೂಯೆಲ್ ಸೆಲ್ ದೋಣಿ ಕಟ್ಟಿ 2024ರಲ್ಲಿ ನೀರಿಗಿಳಿಸಿದ್ದಾರೆ. ಮಂಗಳೂರಿನಲ್ಲಿ ದೊಡ್ಡ ಹಡಗಿನ ಮಾತು ಸುಮ್ನೆ ಬಿಡಿ, ದಿನಾ ಬಂದರಿನೊಳಗೇ ಓಡಾಡುವ ಒಂದು ಟಗ್ಗಿಗಾದರೂ (ದೊಡ್ಡ ಹಡಗು ಎಳೆಯುವ ಸಣ್ಣ ಹಡಗು) ಈ ಹೈಬ್ರಿಡ್ ಹಾಕಿ ನೋಡಬಾರದೇ?

— ಒಬ್ಬ ಓದುಗ, ಮಂಗಳೂರು