ಪಬ್ಬಿನ ಪರವಾನಗಿ ನವೀಕರಣಕ್ಕೆ ಸದ್ದಿನ ಲೆಕ್ಕವೂ ಸೇರಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಇಂದಿರಾನಗರದಲ್ಲಿ, 12ನೇ ಮುಖ್ಯರಸ್ತೆಗೆ ಹೊಂದಿಕೊಂಡ ಅಡ್ಡರಸ್ತೆಯೊಂದರಲ್ಲಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ವಾಸವಾಗಿರುವ ನಿವೃತ್ತ ಎಲೆಕ್ಟ್ರಿಕಲ್ ಎಂಜಿನಿಯರ್ ನಾನು. ನಮ್ಮ ಬಡಾವಣೆಯ ಪಬ್ಬು, ಬಾರುಗಳ ಕುರಿತು ಆಗಾಗ ಏಳುವ ಚರ್ಚೆಯಲ್ಲಿ ಸದಾ ಬಿಟ್ಟುಹೋಗುವ ಒಂದು ಸಂಗತಿಯನ್ನು ತಮ್ಮ ಪತ್ರಿಕೆಯ ಮೂಲಕ ಸರ್ಕಾರದ ಗಮನಕ್ಕೆ ತರಬಯಸುತ್ತೇನೆ. ರಾಜ್ಯದಲ್ಲಿ ಅಬಕಾರಿ ವರ್ಷವು ಜುಲೈ 1ಕ್ಕೆ ಆರಂಭವಾಗಿ ಮರುವರ್ಷದ ಜೂನ್ 30ಕ್ಕೆ ಮುಗಿಯುತ್ತದೆ. ಮದ್ಯ ಮಾರಾಟದ ಪರವಾನಗಿಗಳೂ ಆ ದಿನಕ್ಕೆ ಮುಗಿದು, ಶುಲ್ಕ ಕಟ್ಟಿದವರಿಗೆ ನವೀಕರಣವಾಗುತ್ತವೆ. ಆ ಒಂದು ವರ್ಷದಲ್ಲಿ ಅಕ್ಕಪಕ್ಕದ ಮನೆಯವರು ಎಷ್ಟು ರಾತ್ರಿ ನಿದ್ದೆಗೆಟ್ಟರು, ಎಷ್ಟು ಸಲ ದೂರು ಕೊಟ್ಟರು ಎಂಬುದು ಮಾತ್ರ ನವೀಕರಣದ ಲೆಕ್ಕಕ್ಕೆ ಬರುವುದಿಲ್ಲ. ಬರಬೇಕು ಎಂಬುದೇ ಈ ಪತ್ರದ ಕೋರಿಕೆ.

ಮೊದಲಿಗೆ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಕುಡಿಯುವವರ ಮೇಲೆ, ಅದರಲ್ಲೂ ಪಬ್ಬಿಗೆ ಹೋಗುವ ಹೆಣ್ಣುಮಕ್ಕಳ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿ ಯುವತಿಯರನ್ನು ಅಟ್ಟಾಡಿಸಿ ಹೊಡೆದವರ ನೆನಪು ಇನ್ನೂ ಮಾಸಿಲ್ಲ. ಆ ಬಳಿಕ ನಮ್ಮಂಥವರಿಗೆ ಒದಗಿದ ತೊಂದರೆಯೆಂದರೆ, ಪಬ್ಬಿನ ಸದ್ದಿನ ಬಗ್ಗೆ ಬಾಯಿ ತೆರೆದ ಕೂಡಲೇ ನಮ್ಮನ್ನೂ ಸಂಸ್ಕೃತಿ ರಕ್ಷಕರ ಸಾಲಿಗೆ ಸೇರಿಸಿಬಿಡುತ್ತಾರೆ. ನನ್ನ ಮಗಳೇ ಗೆಳತಿಯರೊಡನೆ ಇದೇ ಬೀದಿಯ ಪಬ್ಬಿಗೆ ಹೋಗಿಬರುತ್ತಾಳೆ, ಮನೆಗೆ ಬಂದ ಮೇಲೆ ಅದೇ ಸದ್ದಿಗೆ ನಿದ್ದೆ ಬಾರದೆ ಗೊಣಗುತ್ತಾಳೆ.

ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ಪಬ್ ಎಂದರೆ ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆ, ರೆಸ್ಟ್ ಹೌಸ್ ರಸ್ತೆ. ಅಂಗಡಿ ಕಚೇರಿಗಳ ನಡುವಿನ ಅವು ಮಲಗುವ ಕೋಣೆಗಳಿಗೆ ದೂರವಿದ್ದವು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಮನೆಗಳಿಗೆಂದು ರೂಪಿಸಿದ ನಮ್ಮ ಬಡಾವಣೆಯಲ್ಲಿ ಆಗ ನಿವೃತ್ತ ಸೈನಿಕರು, ಸಾರ್ವಜನಿಕ ಉದ್ದಿಮೆಗಳ ನೌಕರರು ಕಟ್ಟಿಸಿದ ಮನೆಗಳು, ಕಾಂಪೌಂಡಿನ ಪಕ್ಕ ಒಂದೊಂದು ತೆಂಗಿನ ಮರ ಇದ್ದವು. 2007ರಲ್ಲಿ ಜಾರಿಗೆ ಬಂದ ನಗರದ ಪರಿಷ್ಕೃತ ಮಹಾಯೋಜನೆಯು (ಮಾಸ್ಟರ್ ಪ್ಲಾನ್) ವಸತಿ ಪ್ರದೇಶದೊಳಗೆ ವಾಣಿಜ್ಯ ಬಳಕೆಗೆ ಬಾಗಿಲು ಅಗಲಿಸಿತು. 2010ರ ಹೊತ್ತಿಗೆ ತಮ್ಮಲ್ಲೇ ಬಿಯರ್ ತಯಾರಿಸಿ ಬಡಿಸುವ ಮೈಕ್ರೋಬ್ರೂವರಿಗಳು 100 ಅಡಿ ರಸ್ತೆಗೆ ಬಂದವು. 2011ರ ಅಕ್ಟೋಬರಿನಲ್ಲಿ ನಮ್ಮ ಬಡಾವಣೆಯ ಸಿ.ಎಂ.ಎಚ್. ರಸ್ತೆಯ ಮೇಲೆ ನಗರದ ಮೊದಲ ಮೆಟ್ರೊ ಓಡಿತು. ಅಬಕಾರಿ ಇಲಾಖೆಯು ಸಿಎಲ್–2 ಎಂದು ಕರೆಯುವ ಚಿಲ್ಲರೆ ಮದ್ಯದಂಗಡಿ ಮತ್ತು ಸಿಎಲ್–9 ಎಂದು ಕರೆಯುವ ಬಾರುಗಳಿಗೆ 1992ರಿಂದ ಬಹುಕಾಲ ಹೊಸ ಪರವಾನಗಿ ಕೊಡದೇ ಇದ್ದುದರಿಂದ, ಇದ್ದ ಪರವಾನಗಿಗಳೇ ಕೈಬದಲಾಗಿ, ಜಾಗ ಬದಲಾಗಿ, ಹಣ ಓಡಾಡುವ ಕಡೆಗೆ ಬಂದು ಸೇರಿದವು. ಇದರಲ್ಲಿ ನಿವಾಸಿಗಳಾದ ನಮ್ಮ ಪಾಲೂ ಇದೆ: ಹೆಚ್ಚಿನ ಬಾಡಿಗೆಯ ಆಸೆಗೆ ಮನೆ ಕೊಟ್ಟು ದೂರದ ಬಡಾವಣೆಗೆ ಹೋದವರು ನಮ್ಮ ನೆರೆಯವರೇ.

ಈಗ ಸದ್ದಿನ ವಿಷಯಕ್ಕೆ ಬರುತ್ತೇನೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್, ವಾಣಿಜ್ಯ ಪ್ರದೇಶದಲ್ಲಿ ಹಗಲು 65, ರಾತ್ರಿ 55 ಡೆಸಿಬೆಲ್ ಮಿತಿಯಿದೆ. ರಾತ್ರಿಯೆಂದರೆ 10ರಿಂದ ಬೆಳಿಗ್ಗೆ 6 ಗಂಟೆ. ಆ ಅವಧಿಯಲ್ಲಿ ಧ್ವನಿವರ್ಧಕವನ್ನು ಮುಚ್ಚಿದ ಆವರಣದೊಳಗೆ ಮಾತ್ರ ಬಳಸಬಹುದು, ಮತ್ತು ಖಾಸಗಿ ಜಾಗದ ಸಂಗೀತವು ಆ ಜಾಗದ ಗಡಿಯಲ್ಲಿ ನಿಗದಿತ ಮಿತಿಗಿಂತ 5 ಡೆಸಿಬೆಲ್‌ಗೆ ಮೀರಿ ಕೇಳಿಸಕೂಡದು. ಹೀಗಿರುವಾಗ, ಮೇಲೆ ಆಕಾಶವೋ ತಗಡಿನ ಚಪ್ಪರವೋ ಮಾತ್ರ ಇರುವ ತಾರಸಿ ಪಬ್ಬು ಯಾವ ಅರ್ಥದಲ್ಲಿ ಮುಚ್ಚಿದ ಆವರಣ ಎಂಬುದಕ್ಕೆ ಯಾರೂ ಉತ್ತರ ಹೇಳುವುದಿಲ್ಲ.

ಇಲ್ಲಿ ನನ್ನ ವೃತ್ತಿಗೆ ಸೇರಿದ ಒಂದು ಸೂಕ್ಷ್ಮವಿದೆ. ಓದುಗರು ತುಸು ತಾಳ್ಮೆ ವಹಿಸಬೇಕು. ನಿಯಮದಲ್ಲಿರುವುದು ‘ಎ’ ಮಾಪಕದ ಡೆಸಿಬೆಲ್. ಮನುಷ್ಯನ ಕಿವಿಗೆ ಕೆಳಸ್ಥಾಯಿಯ ಸದ್ದು ಕಡಿಮೆ ಕೇಳಿಸುತ್ತದೆ ಎಂಬ ಕಾರಣಕ್ಕೆ ಈ ಮಾಪಕವು ಅಂಥ ಸದ್ದನ್ನು ತಗ್ಗಿಸಿ ಲೆಕ್ಕ ಹಾಕುತ್ತದೆ: 125 ಹರ್ಟ್ಸ್‌ನಲ್ಲಿ ಸುಮಾರು 16 ಡೆಸಿಬೆಲ್, 63 ಹರ್ಟ್ಸ್‌ನಲ್ಲಿ ಸುಮಾರು 26 ಡೆಸಿಬೆಲ್ ಕಳೆದುಬಿಡುತ್ತದೆ. ಆದರೆ ಪಬ್ಬಿನ ಬೇಸ್ ಸ್ಪೀಕರಿನಿಂದ ಹೊರಟು ಗೋಡೆ ದಾಟಿ, ಮುಚ್ಚಿದ ಕಿಟಕಿ ದಾಟಿ, ದಿಂಬಿನವರೆಗೆ ಬರುವುದು ಇದೇ ಕೆಳಸ್ಥಾಯಿಯ ಧಬಧಬ. ಹಾಡಿನ ಸಾಹಿತ್ಯ, ಕೊಳಲು, ಗಿಟಾರು ಎಲ್ಲವೂ ದಾರಿಯಲ್ಲೇ ಸೋಸಿಹೋಗಿ ಬರೀ ಬಡಿತ ಉಳಿಯುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ದೂರಿನ ಮೇರೆಗೆ ಒಮ್ಮೆ ಮೀಟರ್ ಹಿಡಿದು ಬಂದವರು ರಸ್ತೆಯಲ್ಲಿ ನಿಂತು ಅಳೆದು, ಎಲ್ಲವೂ ವಾಹನ ಸಂಚಾರದ ಸದ್ದಿನ ಆಸುಪಾಸಿನಲ್ಲಿದೆ ಎಂದು ಬರೆದುಕೊಂಡು ಹೋದರು. ಅದೇ ಹೊತ್ತಿಗೆ ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಸುಳ್ಳು ಹೇಳಿದರೆಂದು ನಾನು ಅವರನ್ನು ದೂರುವುದಿಲ್ಲ, ಅವರ ಕೈಯಲ್ಲಿದ್ದ ಉಪಕರಣಕ್ಕೆ ಆ ಬಡಿತ ಕೇಳಿಸುತ್ತಲೇ ಇರಲಿಲ್ಲ.

ಮದ್ಯದ ಪರವಾನಗಿ ಅಬಕಾರಿ ಇಲಾಖೆಯದು, ಉದ್ದಿಮೆ ಪರವಾನಗಿ ಪಾಲಿಕೆಯದು, ಸಂಗೀತಕ್ಕೆ ಅನುಮತಿ ಪೊಲೀಸರದು, ಶಬ್ದದ ಮಾನದಂಡ ಮಾಲಿನ್ಯ ನಿಯಂತ್ರಣ ಮಂಡಳಿಯದು. ನಾಲ್ಕು ಮನೆಯ ನೆಂಟ ಉಪವಾಸ ಬಿದ್ದಂತೆ ದೂರುದಾರನ ಪಾಡು. ನಾನು ಬರೆದ ಅರ್ಜಿಗೆ ಒಂದು ಕಚೇರಿ ಇನ್ನೊಂದರತ್ತ ಬೊಟ್ಟು ಮಾಡಿ, ಆ ಇನ್ನೊಂದು ಮೊದಲನೆಯದಕ್ಕೇ ಅದನ್ನು ರವಾನಿಸಿದ್ದನ್ನು ಕಂಡ ಮೇಲೆ ಅರ್ಜಿ ಬರೆಯುವುದನ್ನೇ ಬಿಟ್ಟೆ.

ಹಾಗೆಂದು ಮನಸ್ಸಿದ್ದರೂ ಮಾಡಲಾಗದ ಕೆಲಸ ಇದಲ್ಲ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಹೇಳಿದಾಗ, ಅಧಿಕಾರಿಗಳು ಹೆದ್ದಾರಿಯಿಂದ ದೂರ ಅಳೆದು 2017ರ ಜುಲೈ ಮೊದಲ ದಿನವೇ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳ ಬಾರುಗಳ ಬಾಗಿಲು ಮುಚ್ಚಿಸಿದ್ದರು. ನಗರದೊಳಗಿನ ರಸ್ತೆಗಳಿಗೆ ಅದು ಅನ್ವಯಿಸದೆಂದು ಬಳಿಕ ಕೋರ್ಟೇ ಸ್ಪಷ್ಟಪಡಿಸಿತು. ಬೆಂಗಳೂರಿನ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿಗೆ ಸಂಬಂಧಿಸಿದ 2005ರ ಆದೇಶವನ್ನು 2018ರ ಜನವರಿಯಲ್ಲಿ ಅದೇ ಕೋರ್ಟ್ ಎತ್ತಿಹಿಡಿದಾಗಲೂ ಹಾಗೆಯೇ ಆಯಿತು. ಪೊಲೀಸರು ಪರವಾನಗಿ ಕೇಳತೊಡಗಿದ ಮೇಲೆ ಹಲವು ಪಬ್ಬುಗಳು ಕೆಲಕಾಲ ಹಾಡು ಹಾಕುವುದನ್ನೇ ನಿಲ್ಲಿಸಿದವು. ಆ ದಿನಗಳಲ್ಲಿ ನಮ್ಮ ರಸ್ತೆಯ ತುದಿಯಿಂದ ಜನರ ಮಾತು, ನಗು, ಲೋಟಗಳ ಸದ್ದು ಕೇಳುತ್ತಿತ್ತು. ನಾವು ನಿದ್ದೆ ಮಾಡಿದೆವು. ಮೇಜುಗಳೇನೂ ಖಾಲಿ ಇರಲಿಲ್ಲ.

ಮದ್ಯದಂಗಡಿಗೆ ದೇವಸ್ಥಾನ, ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿಗಳಿಂದ 100 ಮೀಟರ್ ಅಂತರವಿರಬೇಕೆಂದು 1967ರ ಅಬಕಾರಿ ನಿಯಮಗಳು ಹೇಳುತ್ತವೆ. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿ ವಾಸಿಸುವ ಪ್ರದೇಶಗಳಿಗೂ ಆ ರಕ್ಷಣೆಯಿದೆ, ಅದು ಸರಿಯೂ ಹೌದು. ಉಳಿದ ಯಾವ ಮನೆಗೂ ಆ ಪಟ್ಟಿಯಲ್ಲಿ ಸ್ಥಾನವಿಲ್ಲ. ಸಂಜೆ 5ಕ್ಕೆ ಬೀಗ ಬೀಳುವ ಕಚೇರಿಗೆ ದೊರೆತ ಅಂತರ, ರಾತ್ರಿಯಿಡೀ ಜನ ಮಲಗುವ ಮನೆಗೆ ದೊರೆತಿಲ್ಲ.

ಅಬಕಾರಿ ಇಲಾಖೆಯ ಕಷ್ಟವೂ ನನಗೆ ಅರ್ಥವಾಗುತ್ತದೆ. 2025–26ರ ಬಜೆಟ್ಟಿನಲ್ಲಿ ಆ ಇಲಾಖೆಗೆ ಗೊತ್ತುಪಡಿಸಿದ ಗುರಿ 40,000 ಕೋಟಿ ರೂಪಾಯಿ. ಇಂಥ ಗುರಿ ಹೊತ್ತ ಇಲಾಖೆಗೆ ಪರವಾನಗಿ ತಡೆಹಿಡಿಯುವ ಉತ್ಸಾಹ ಎಲ್ಲಿಂದ ಬರಬೇಕು? ಆದರೆ ಆ ಮೊತ್ತದ ಹೆಚ್ಚಿನ ಪಾಲು ಊರೂರಿನ ಮದ್ಯದಂಗಡಿಗಳಿಂದ ಬರುವುದೇ ಹೊರತು ನಮ್ಮ ಬಡಾವಣೆಯ ತಾರಸಿಗಳಿಂದಲ್ಲ. ರಾತ್ರಿ 10ರ ಮೇಲೆ ಆ ತಾರಸಿಗಳ ಸ್ಪೀಕರ್ ಆರಿಸಿದರೆ ಖಜಾನೆಗೆ ಪೆಟ್ಟೇನೂ ಬೀಳದು.

ತಾರಸಿಯ ಮಾತು ಬಂದಿದ್ದರಿಂದ ಇನ್ನೊಂದನ್ನು ಹೇಳಿಯೇ ಮುಂದುವರಿಯಬೇಕು. 2017ರ ಡಿಸೆಂಬರಿನಲ್ಲಿ ಮುಂಬೈನ ಕಮಲಾ ಮಿಲ್ಸ್ ಆವರಣದ ತಾರಸಿ ಪಬ್ಬಿನ ಬೆಂಕಿಗೆ 14 ಜನ ಬಲಿಯಾದರು. ಹತ್ತೇ ದಿನಗಳ ಬಳಿಕ ನಮ್ಮ ಕಲಾಸಿಪಾಳ್ಯದ ಬಾರೊಂದರಲ್ಲಿ, ಕೆಲಸ ಮುಗಿಸಿ ಅಲ್ಲೇ ಮಲಗಿದ್ದ 5 ಮಂದಿ ಕಾರ್ಮಿಕರು ಬೆಂಕಿಗೆ ಸಿಕ್ಕು ಸತ್ತರು. 2023ರ ಅಕ್ಟೋಬರಿನಲ್ಲಿ ಕೋರಮಂಗಲದ ಕಟ್ಟಡವೊಂದರ ಮೇಲ್ಮಹಡಿ ಹೊತ್ತಿ ಉರಿದಾಗ ವ್ಯಕ್ತಿಯೊಬ್ಬರು ಮೇಲಿನಿಂದ ಹಾರಿದ ದೃಶ್ಯವನ್ನು ನಾವೆಲ್ಲ ಟಿ.ವಿ.ಯಲ್ಲಿ ಕಂಡೆವು. ಸದ್ದನ್ನು ತಡೆಯಲಾರದ ಅದೇ ಹಗುರ ಚಪ್ಪರ ಕಿಡಿಯನ್ನೂ ತಡೆಯಲಾರದು. ಪಬ್ಬಿನ ಒಳಗೆ ನಿಂತು ಲೋಟ ತೊಳೆಯುವ ದೂರದೂರಿನ ಹುಡುಗರ ಕಿವಿ, ಪ್ರಾಣ ಎರಡೂ ನಮಗಿಂತ ಹೆಚ್ಚು ಅಪಾಯದಲ್ಲಿವೆ.

2024ರಲ್ಲಿ ಸರ್ಕಾರವು ನಗರದ ಹೋಟೆಲು, ಬಾರುಗಳಿಗೆ ರಾತ್ರಿ 1 ಗಂಟೆಯವರೆಗೆ ಅವಕಾಶ ಕೊಟ್ಟಿತು. ಅದನ್ನು ಹಿಂತೆಗೆಯಿರಿ ಎಂದು ನಾನು ಕೇಳುತ್ತಿಲ್ಲ. 1 ಗಂಟೆಗೆ ಹೊರಬರುವವರಿಗೆ ಮೆಟ್ರೊ ಇರುವುದಿಲ್ಲವಾದ್ದರಿಂದ ಬೀದಿಯಲ್ಲಿ ಕ್ಯಾಬಿಗೆ ಕಾದು ನಿಲ್ಲುತ್ತಾರೆ ಎಂಬುದಷ್ಟನ್ನು ಯೋಜನೆ ಮಾಡುವವರು ನೆನಪಿಟ್ಟರೆ ಸಾಕು. ನನ್ನ ಕೋರಿಕೆ ನವೀಕರಣಕ್ಕೆ ಮಾತ್ರ ಸಂಬಂಧಿಸಿದ್ದು. ಪ್ರತಿಯೊಂದು ಪಬ್ಬು, ಬಾರಿನ ವಿರುದ್ಧ ವರ್ಷವಿಡೀ ಬಂದ ಶಬ್ದದ ದೂರುಗಳನ್ನು, ಯಾವ ಕಚೇರಿಗೆ ಬಂದಿದ್ದರೂ ಸರಿ, ಒಂದೇ ಪುಸ್ತಕದಲ್ಲಿ ದಾಖಲಿಸಿ ಅದನ್ನು ನವೀಕರಣದ ಅರ್ಜಿಗೆ ಲಗತ್ತಿಸಬೇಕು. ದೂರು ಪದೇ ಪದೇ ಬಂದಲ್ಲಿ ವಾರಾಂತ್ಯದ ರಾತ್ರಿ 10ರ ನಂತರ, ರಸ್ತೆಯಲ್ಲಲ್ಲದೆ ದೂರುದಾರರ ಮನೆಯಲ್ಲಿ, ಕೆಳಸ್ಥಾಯಿಯನ್ನೂ ದಾಖಲಿಸುವ ‘ಸಿ’ ಮಾಪಕದಿಂದ ಕೂಡ ಅಳೆಯಬೇಕು. ಮಿತಿ ಮೀರಿದ್ದರೆ ಸ್ಪೀಕರುಗಳನ್ನು ಗೋಡೆ, ಸೂರು ಇರುವ ಒಳಕೋಣೆಗೆ ಸ್ಥಳಾಂತರಿಸಿ, ಸದ್ದಿಗೆ ಮಿತಿ ಹಾಕುವ ಲಿಮಿಟರ್ ಅಳವಡಿಸುವವರೆಗೆ ನವೀಕರಣವನ್ನು ತಡೆಹಿಡಿಯಬೇಕು. ಸರಿಯಾಗಿ ನಡೆಸುವ ಮಾಲೀಕರಿಗೆ ಇದರಿಂದ ತೊಂದರೆಯಿಲ್ಲ. ಅಂಥವರು ನಮ್ಮ ಬೀದಿಯಲ್ಲೇ ಇದ್ದಾರೆ, ಅವರ ಬಗ್ಗೆ ಯಾರೂ ದೂರು ಬರೆದದ್ದಿಲ್ಲ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ, ನಾಲ್ಕೂ ಇಲಾಖೆಗಳು ಸೇರಿ ಹೊರಡಿಸುವ ಒಂದು ಸುತ್ತೋಲೆ ಸಾಕೆಂದು ನನ್ನ ತಿಳಿವಳಿಕೆ. ಬರುವ ಜೂನ್ 30ಕ್ಕೆ ಮುನ್ನ ಅದು ಹೊರಬೀಳಲಿ. ಅಳತೆಗೆ ಬರುವ ಸಿಬ್ಬಂದಿಗೆ ಯಾವ ಶನಿವಾರ ರಾತ್ರಿಯಾದರೂ ನಮ್ಮ ಮನೆಯ ಬಾಗಿಲು ತೆರೆದಿರುತ್ತದೆ. ಕಪಾಟಿನ ಲೋಟಗಳನ್ನು ಇದ್ದಲ್ಲೇ ಇಟ್ಟಿರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಹಿರಿಯ ನಿವಾಸಿ
ಇಂದಿರಾನಗರ, ಬೆಂಗಳೂರು