ಕಲಾ ಇತಿಹಾಸದ ಕಿರು ತರಗತಿಗಳು ನಮ್ಮ ಊರಿನಲ್ಲೂ ನಡೆಯಲಿ

ಮಾನ್ಯ ಸಂಪಾದಕರೇ,

ಕಳೆದ ಕಾರ್ತಿಕ ಮಾಸದಲ್ಲಿ ನೆರೆಹೊರೆಯ ಏಳೆಂಟು ಮಂದಿ ಸೇರಿ ಹರಿಹರದ ಹರಿಹರೇಶ್ವರನ ದರ್ಶನಕ್ಕೆ ಹೋಗಿದ್ದೆವು. ದೀಪ ಹಚ್ಚಿ ಮಂಟಪದಲ್ಲಿ ಕುಳಿತಿದ್ದಾಗ, ದಾವಣಗೆರೆಯ ವರ್ಕ್‌ಶಾಪೊಂದರಲ್ಲಿ ಮೂವತ್ತು ವರ್ಷ ಲೇತ್ ನಡೆಸಿ ನಿವೃತ್ತರಾದ ನಮ್ಮ ಪಕ್ಕದ ಮನೆಯ ಹಿರಿಯರು ಕಂಬದ ಮೇಲಿನ ಬಳೆಯಂಥ ಗೆರೆಗಳ ಮೇಲೆ ಬೆರಳಾಡಿಸಿ, ‘ಇದು ಬರೀ ಉಳಿ ಏಟಲ್ಲ ಮೇಡಂ, ಕಲ್ಲನ್ನೇ ತಿರುಗ್ಸಿ ಕಡ್ದಾರೆ’ ಎಂದರು. ಅವರ ಮಾತು ಸರಿಯಾಗಿತ್ತು. ಹೊಯ್ಸಳರ ಕಾಲದ ಇಂಥ ಕಂಬಗಳನ್ನು ತಿರುಗಣೆಗೆ ಹಾಕಿ ಕಡೆಯುತ್ತಿದ್ದರೆಂದೇ ವಿದ್ವಾಂಸರೂ ಹೇಳುತ್ತಾರೆ. ಈ ದೇಗುಲವನ್ನು 1224ರ ಸುಮಾರಿಗೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದನೆಂದು ಪ್ರೌಢಶಾಲೆಯಲ್ಲಿ ವರ್ಷವರ್ಷವೂ ಪಾಠ ಹೇಳಿದ ನಾನು, ಆ ಕಂಬವನ್ನು ಮಕ್ಕಳಿಗೆ ಒಮ್ಮೆಯೂ ಮುಟ್ಟಿ ತೋರಿಸಿರಲಿಲ್ಲ.

ಕೈಕಸುಬು ಬಲ್ಲ ಇಂಥವರು ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ಜನರಿದ್ದಾರೆ. ಕಂಡದ್ದನ್ನು ಹೆಸರಿಟ್ಟು ಕರೆಯಲು, ಕಾಲದ ಸಾಲಿನಲ್ಲಿ ಇಟ್ಟು ನೋಡಲು ಕಲಿಸುವ ಜಾಗ ಮಾತ್ರ ಅವರಿಗೆ ಸಿಕ್ಕಿಲ್ಲ. ಹಳೆಯ ಗುಡಿ ಯಾವುದಿದ್ದರೂ ‘ಜಕಣಾಚಾರಿ ಕೆತ್ತಿದ್ದು’ ಎಂದುಬಿಡುತ್ತೇವೆ. ಆದರೆ ಬೇಲೂರಿನ ಶಿಲ್ಪಗಳ ಮೇಲೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣರ ಹೆಸರುಗಳು ಇಂದಿಗೂ ಇವೆ. ಇನ್ನೂ ಹಿಂದಕ್ಕೆ ಹೋದರೆ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಬರೆದ ಲಿಪಿಕಾರ ಚಪಡ ತನ್ನ ಹೆಸರು ಹೇಳಿಕೊಂಡು, ‘ಲಿಪಿಕಾರ’ ಎಂಬ ಕೊನೆಯ ಪದವನ್ನು ಬ್ರಾಹ್ಮಿ ಲಿಪಿಯ ಬದಲು ವಾಯವ್ಯದ ಗಾಂಧಾರದ ಕಡೆಯ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ವಾಯವ್ಯದ ಲಿಪಿ ಬಲ್ಲವನೊಬ್ಬನ ಕೈಬರಹ ನಮ್ಮ ಬಂಡೆಯ ಮೇಲೆ ಉಳಿದಿದೆಯೆಂದು ತಿಳಿದ ದಿನ ನನಗೆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಆ ಬಳಿಕ ಕಲಾ ಇತಿಹಾಸವನ್ನು ಕ್ರಮವಾಗಿ ಕಲಿಯಬೇಕೆಂದು ರಾಜಧಾನಿಯ ಸಂಸ್ಥೆಯೊಂದನ್ನು ವಿಚಾರಿಸಿದೆ. ಪಾಠವೆಲ್ಲ ಇಂಗ್ಲಿಷಿನಲ್ಲಿ, ಅದೂ ವಾರದ ನಡುವೆ. ಶುಲ್ಕ ನನ್ನ ಪಿಂಚಣಿಯ ಅಳತೆಯನ್ನು ಮೀರಿದ್ದು. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಸಂಸ್ಥೆಯು ಸಾರ್ವಜನಿಕರಿಗಾಗಿ ಇಂಗ್ಲಿಷಿನಲ್ಲಿ ಕಲಾ ರಸಗ್ರಹಣದ ಕಿರು ಕೋರ್ಸನ್ನೂ ಹಿಂದಿಯಲ್ಲಿ ‘ಭಾರತೀಯ ಕಲಾನಿಧಿ’ ಎಂಬ ಕೋರ್ಸನ್ನೂ ನಡೆಸಿದೆ. ಕನ್ನಡದಲ್ಲಿ ಇದು ಆಗದ ಮಾತೇನಲ್ಲ. ಹಳ್ಳಿಯ ಜನರನ್ನು ಕೂರಿಸಿ ಲೋಕದ ಶ್ರೇಷ್ಠ ಚಲನಚಿತ್ರಗಳ ರಸಗ್ರಹಣ ಶಿಬಿರ ನಡೆಸಿದ ಹೆಗ್ಗೋಡಿನ ನೀನಾಸಂ ನಮ್ಮ ಪಕ್ಕದ ಜಿಲ್ಲೆಯದೇ. ಪರಿಭಾಷೆಗೂ ಕೊರತೆಯಿಲ್ಲ: ದೇಗುಲದ ಭಾಗಗಳನ್ನು ಹೇಳುವ ಸುಕನಾಸಿ, ನವರಂಗ, ಭುವನೇಶ್ವರಿ, ಕಕ್ಷಾಸನ ಎಲ್ಲವೂ ಬಳಕೆಯಲ್ಲಿರುವ ಮಾತುಗಳು.

ಆದ್ದರಿಂದ ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯವೂ ಪುರಾತತ್ವ ಇಲಾಖೆಯೂ ಕೂಡಿ ಹತ್ತು ಭಾನುವಾರಗಳ ಒಂದು ತರಗತಿಯನ್ನು ಆರಂಭಿಸಬೇಕೆಂದು ಈ ಪತ್ರದ ಮೂಲಕ ಕೋರುತ್ತೇನೆ. ವಿದ್ಯಾರ್ಹತೆ ಕೇಳಬಾರದು, ಪರೀಕ್ಷೆ ಇಡಬಾರದು, ಶುಲ್ಕ ಕೂಲಿಯವರಿಗೂ ನಿಲುಕುವಂತಿರಬೇಕು. ಬೆಳಿಗ್ಗೆ ಚಿತ್ರಗಳನ್ನು ತೋರಿಸಿ ಪಾಠ ಮಾಡಿ, ಮಧ್ಯಾಹ್ನ ಸ್ಥಳಕ್ಕೇ ಕರೆದೊಯ್ಯಬೇಕು. ಇದರಲ್ಲಿ ಮಾತ್ರ ರಾಜಿ ಬೇಡ. ಪರದೆಯ ಮೇಲೆ ನೂರು ದೇಗುಲ ನೋಡುವುದಕ್ಕಿಂತ ಸಂತೇಬೆನ್ನೂರಿನ ಪುಷ್ಕರಣಿಯ ಮೆಟ್ಟಿಲ ಮೇಲೆ ಒಂದು ತಾಸು ಕುಳಿತು, ನೀರಿನ ನಡುವಿನ ವಸಂತ ಮಂಟಪದಲ್ಲಿ ಯಾವ ಅಂಶ ಯಾವ ಶೈಲಿಯದೆಂದು ಗುರುತಿಸಲು ಕಲಿತರೆ ಕಣ್ಣು ಹೆಚ್ಚು ಪಳಗುತ್ತದೆ. ಚಿತ್ರದುರ್ಗದವರಿಗೆ ರಂಗಯ್ಯನ ಬಾಗಿಲಿನ ವಸ್ತುಸಂಗ್ರಹಾಲಯ, ಚಂದ್ರವಳ್ಳಿ ಹಾಗೂ ಕೋಟೆ ಇವೆ. ಲೇತ್ ಕೆಲಸದವರು, ಬಡಗಿಗಳು, ಮೊಳಕಾಲ್ಮೂರಿನ ನೇಕಾರರು ಬಂದರೆ ಅವರಿಗೂ ಮಾತಾಡಲು ಸಮಯ ಮೀಸಲಿಡಬೇಕು. ಕಂಬದ ಗೆರೆಯನ್ನು ನನಗೆ ಓದಿಸಿದ್ದು ಅಂಥವರೇ.

ಮಳೆಗಾಲ ಮುಗಿದು ಸುಗ್ಗಿ ಶುರುವಾಗುವುದಕ್ಕೆ ಮೊದಲು, ದೀಪಾವಳಿಯ ಮರುವಾರದಿಂದ ತರಗತಿ ಆರಂಭವಾದರೆ ರೈತರೂ ಬರಬಹುದು. ನಮ್ಮ ಬಡಾವಣೆಯಿಂದ ಹನ್ನೊಂದು ಮಂದಿ ಈಗಾಗಲೇ ಹೆಸರು ಬರೆಸಿದ್ದೇವೆ. ಆ ಪಟ್ಟಿಯನ್ನು ಸಂಬಂಧಪಟ್ಟವರಿಗೆ ತಲುಪಿಸಲು ಸಿದ್ಧರಿದ್ದೇವೆ.

ಇಂತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ದಾವಣಗೆರೆ