ಅಜ್ಜನ ಕಲ್ಲಿಗೆ ಬೆಲೆ ಕಟ್ಟುವ ಮೊದಲು

ಪುಣೆ
ಭಾನುವಾರ

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಅವ್ವನ ಮೊಣಕಾಲು ನೋವು ಹೇಗಿದೆ?

ಅಜ್ಜ ಹೊಲದಿಂದ ತಂದ, ದೇವರ ಮನೆಯ ಕಲ್ಲಿನ ಫೋಟೋಗಳು ಬಂದವು. ಕಲ್ಲು ಮಾರಿಸಿಕೊಡಲು ಬಂದ ಆ ಏಜೆಂಟ್ ಇದು ಆಕಾಶದಿಂದ ಬಿದ್ದ ಉಲ್ಕಾಶಿಲೆ, ಎರಡು ಕೋಟಿ ಕೊಡಿಸ್ತೀನಿ, ಮೊದಲು ಟೆಸ್ಟಿಂಗ್‌ಗೆ ಎರಡು ಲಕ್ಷ ಕೊಡಿ ಅಂದನಂತೆ. ಅಪ್ಪಾ, ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ. ರೈಸ್ ಪುಲ್ಲರ್, ಅಕ್ಕಿಕಾಳನ್ನು ಎಳೆಯುವ ಶಕ್ತಿ ಇದೆ ಅಂತ ತಾಮ್ರದ ಚೊಂಬು ತೋರಿಸಿ ಮೋಸ ಮಾಡುವವರೂ ಹೀಗೇ ಶುರು ಮಾಡುತ್ತಾರೆ. ಕೋಟಿಯ ಆಸೆ, ವಿಜ್ಞಾನಿಗಳು ಬರ್ತಾರೆ ಅನ್ನುವ ಮಾತು, ಆಮೇಲೆ ಮುಂಗಡ. ಕಾಕಾ ಅವರಿಗೂ ಹೇಳಿ. ಪಾಲಿನ ಮಾತು ನಡೆದಿರುವಾಗ ಅವರು ಬೆಲೆ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಕೇಳಬೇಕಾದವರನ್ನು ಕೇಳಬೇಕು.

ಇಲ್ಲಿಯ ಕನ್ನಡ ಬಳಗದಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರಿದ್ದಾರೆ, ಮೂಲತಃ ಧಾರವಾಡದವರು. ಅವರಿಗೆ ಫೋಟೋ ತೋರಿಸಿದೆ. ಮೈಮೇಲೆ ತೆಳ್ಳಗಿನ ಕಪ್ಪು ಪದರ, ಕಣಕದಲ್ಲಿ ಹೆಬ್ಬೆರಳು ಒತ್ತಿದಂಥ ಗುಳಿಗಳು, ಮುರಿದ ಮೂಲೆಯಲ್ಲಿ ಬೂದು ಬಣ್ಣ, ಅಲ್ಲಲ್ಲಿ ತುಕ್ಕು. ಎಲ್ಲೂ ಗಾಳಿಗುಳ್ಳೆಯ ತೂತುಗಳಿಲ್ಲ. ಉಲ್ಕಾಶಿಲೆ ಇರಬಹುದು ಅಂದರು. ಆದರೆ ಫೋಟೋ ನೋಡಿ ಖಚಿತವಾಗಿ ಹೇಳಲು ಆಗುವುದಿಲ್ಲವಂತೆ. ಏಜೆಂಟ್ ಅಯಸ್ಕಾಂತ ಹಿಡಿದು ತೋರಿಸಿದ್ದಕ್ಕಂತೂ ಅರ್ಥವೇ ಇಲ್ಲ. ನಮ್ಮ ವಿಜಯಪುರ ಸೀಮೆಯ ಕರಿಕಲ್ಲಿನಲ್ಲೂ ಕಬ್ಬಿಣದ ಖನಿಜ ಇದೆ, ಅದೂ ಸ್ವಲ್ಪ ಎಳೆಯುತ್ತದೆ. ಮೇಲಾಗಿ ಬಲವಾದ ಅಯಸ್ಕಾಂತ ತಾಗಿಸಿದರೆ ಕಲ್ಲು ಹೊತ್ತು ತಂದ ಹಳೆಯ ಕಾಂತೀಯ ಗುರುತು ಅಳಿಸಿಹೋಗುತ್ತದಂತೆ. ಇನ್ನು ಮುಂದೆ ಬೇಡ.

ಬೆಲೆಯ ವಿಷಯ. ಕಲ್ಲಿನ ಜಾತಿ ಗೊತ್ತಾಗದೆ ತೂಕ ನೋಡಿ ಬೆಲೆ ಹೇಳುವವರ ಮಾತು ನಂಬಲೇಬಾರದು. ಭೂಮಿಗೆ ಬೀಳುವ ಉಲ್ಕಾಶಿಲೆಗಳಲ್ಲಿ ಬಹುಪಾಲು ಸಾಮಾನ್ಯ ಕಾಂಡ್ರೈಟ್ ಅನ್ನುವ ಜಾತಿಯ ಕಲ್ಲುಗಳು. ಹೊರದೇಶದ ಮಾರುಕಟ್ಟೆಯಲ್ಲಿ ಅಂಥವು ಗ್ರಾಂಗೆ ಒಂದೆರಡು ಡಾಲರಿಗೂ ಸಿಗುತ್ತವೆ. ಚಂದ್ರನಿಂದ, ಮಂಗಳದಿಂದ ಬಂದವು ತೀರಾ ಅಪರೂಪ. 2025ರ ಜುಲೈನಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ ಸುಮಾರು 53 ಲಕ್ಷ ಡಾಲರಿಗೆ ಹೋದದ್ದು ಮಂಗಳದ 24 ಕಿಲೋ ಮೀರಿದ ಕಲ್ಲು. ಏಜೆಂಟ್‌ಗಳು ತೋರಿಸುವುದು ಇಂಥ ಸುದ್ದಿಗಳನ್ನೇ. 2020ರಲ್ಲಿ ಸುಮಾತ್ರಾದಲ್ಲಿ ಒಬ್ಬರ ಮನೆಯ ಚಾವಣಿ ಒಡೆದು ಕಲ್ಲು ಬಿತ್ತು. 18 ಲಕ್ಷ ಡಾಲರ್ ಎಂದು ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಅವರ ಕೈಗೆ ಬಂದದ್ದು ಅದರ ನೂರನೇ ಒಂದು ಭಾಗದಷ್ಟು.

ಬಿಹಾರದ ಶೇರ್‌ಘಾಟಿಯಲ್ಲಿ 1865ರಲ್ಲಿ ಒಂದು ಕಲ್ಲು ಬಿತ್ತು. ಅದು ಮಂಗಳದ್ದು ಎಂದು ತಿಳಿಯಲು ನೂರು ವರ್ಷಕ್ಕೂ ಜಾಸ್ತಿ ಹಿಡಿಯಿತು. ಈಗ ಆ ಜಾತಿಯ ಎಲ್ಲ ಕಲ್ಲುಗಳನ್ನೂ ಆ ಊರಿನ ಹೆಸರಿನಿಂದಲೇ ಶೆರ್ಗೊಟೈಟ್ ಅನ್ನುತ್ತಾರೆ! ಅದೇ ವರ್ಷ ನಮ್ಮ ಮದ್ದೂರಿನಲ್ಲೂ ಒಂದು ಬಿದ್ದಿತ್ತು. ಅದಕ್ಕೂ ಊರಿನದೇ ಹೆಸರು.

ಅದಕ್ಕೇ ನನಗೆ ಅಜ್ಜಿಯ ನೆನಪು ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಬಿದ್ದ ದಿನ, ಜಾಗ ಗೊತ್ತಿರುವ ಕಲ್ಲಿಗೆ ವಿಜ್ಞಾನಿಗಳೂ ಸಂಗ್ರಹಿಸುವವರೂ ಹೆಚ್ಚು ಬೆಲೆ ಕೊಡುತ್ತಾರೆ. ಅಜ್ಜ ಹೊಲದಲ್ಲಿ ಗುಡುಗಿನಂಥ ಸದ್ದು ಕೇಳಿದೆ ಅನ್ನುತ್ತಿದ್ದರು, ಅಲ್ವಾ? ಯಾವ ಹೊಲ, ಯಾವ ಸುಗ್ಗಿ, ಬರಗಾಲದ ಮುಂಚೆಯೋ ಆಮೇಲೋ, ಜೊತೆಗೆ ಯಾರಿದ್ದರು, ಕಲ್ಲು ಎಷ್ಟು ಆಳ ಹೂತಿತ್ತು, ಎಲ್ಲ ಕೇಳಿ. ತಮ್ಮನಿಗೆ ಹೇಳಿ ಅಜ್ಜಿಯ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಸಿ. ಅಜ್ಜಿಗೆ ವಯಸ್ಸಾಯಿತು, ಈ ಕೆಲಸ ತಡಮಾಡಬೇಡಿ.

ನಮ್ಮ ದೇಶದಲ್ಲಿ ಬಿದ್ದ ಉಲ್ಕಾಶಿಲೆಗಳನ್ನು ಸಂಗ್ರಹಿಸಿ ಕಾಪಾಡುವುದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ. ಅವರ ಕಚೇರಿ ಬೆಂಗಳೂರಿನಲ್ಲೂ ಇದೆ. ಮಾರುವ ಮಾತಿಗೆ ಮೊದಲು ಅವರಿಗೇ ತಿಳಿಸೋಣ. ಪತ್ರದ ಕರಡು ಮೇಷ್ಟ್ರೇ ಬರೆದುಕೊಡುತ್ತಾರೆ. ಇಲಾಖೆಯವರು ಪರೀಕ್ಷೆಗೆ ಚೂರು ಕೇಳಿದರೆ ಕೊಡೋಣ. ನಾವಾಗಿ ಒಡೆಯುವುದು, ಉಜ್ಜುವುದು ಬೇಡ.

ಅವ್ವನಿಗೆ ಬೇಜಾರಾಗಬಹುದು, ಆದರೂ ಹೇಳಲೇಬೇಕು. ಅಭಿಷೇಕ ನಿಲ್ಲಿಸಿ. ನೀರು ಬಿದ್ದಷ್ಟೂ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಒಣ ಬಟ್ಟೆಯಲ್ಲಿ ಸುತ್ತಿಟ್ಟು, ಹೂವನ್ನು ಪಕ್ಕದಲ್ಲಿ ಇಟ್ಟು ಪೂಜೆ ಮಾಡಲಿ.

ಏಜೆಂಟ್ ಮತ್ತೆ ಬಂದರೆ ಕಲ್ಲನ್ನು ಅವನ ಕೈಗೆ ಕೊಡಬೇಡಿ. ಕಾಕಾ ಅವರು ಯಾವಾಗ ಬಿಡುವಾಗಿರುತ್ತಾರೆ ತಿಳಿಸಿ, ನಾನೇ ಫೋನ್ ಮಾಡಿ ಮಾತಾಡುತ್ತೇನೆ.

ಇಂತಿ ನಿಮ್ಮ ಮಗಳು